ಫೋನಿಗೆ ಕಿವಿ ಇದೆಯಾ?

ಅಪ್ಪನಿಗೆ ಕಿವಿ ಸ್ವಲ್ಪ ಮಂದ. ಒಂದು ರಾತ್ರಿ ಅವರಿಗಾಗಿ ಕಿವಿ ಮಿಷಿನ್ ಮಾರುವ ಎರಡು ಮೂರು ಸೈಟ್ ನೋಡಿದೆ. ಮರುದಿನದಿಂದ ಎಲ್ಲಿ ನೋಡಿದರೂ ಅದರದ್ದೇ ಜಾಹೀರಾತು. ಆಫೀಸಿನಲ್ಲಿ ಪಕ್ಕ ಕೂತವನು ನನ್ನ ಫೋನ್ ನೋಡಿ, ಆಮೇಲೆ ನನ್ನ ಜೊತೆ ಜೋರಾಗಿ ಮಾತಾಡತೊಡಗಿದ!

ಫೋನ್ ನಮ್ಮ ಮಾತು ಕದ್ದು ಕೇಳುತ್ತದೆ ಅಂತ ಮನೆಯವರ ವಾದ. ಆದರೆ ಕೇಳುವ ಅಗತ್ಯವೇ ಇರಲಿಲ್ಲ. ಅಂಗಡಿ ಸೈಟುಗಳಲ್ಲಿ ಪಿಕ್ಸೆಲ್ ಎಂಬ ಪುಟ್ಟ ಕೋಡ್ ಇಟ್ಟಿರುತ್ತಾರೆ. ನಾವು ಯಾವ ಪುಟ ನೋಡಿದೆವು, ಯಾವುದನ್ನು ಕಾರ್ಟ್‌ಗೆ ಹಾಕಿದೆವು ಅನ್ನುವುದನ್ನು ಅದು ಜಾಹೀರಾತು ಕಂಪನಿಗೆ ಕಳಿಸುತ್ತದೆ.

ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿ ಹೀಗೆ ಹೊರಗಿನಿಂದ ಬಂದ ಮಾಹಿತಿಯ ಪಟ್ಟಿ ಸಿಗುತ್ತದೆ. 2020ರಿಂದ ಎಲ್ಲರಿಗೂ ಇದೆ. ನನ್ನ ಪಟ್ಟಿ ತೆರೆದೆ. ಒಮ್ಮೆ ತೆರೆದು ಮರೆತ ಆ್ಯಪ್‌ಗಳೆಲ್ಲ ಅಲ್ಲಿ ಸಾಲಾಗಿ ಕೂತಿದ್ದವು. ಎಲ್ಲವನ್ನೂ ಅಳಿಸಿ ಹಾಯಾಗಿ ಮಲಗಿದೆ. ಎರಡು ವಾರ ಬಿಟ್ಟು ನೋಡಿದರೆ ಪಟ್ಟಿ ಮತ್ತೆ ತುಂಬಿದೆ! ಅಳಿಸಿದರೆ ಹೋಗುವುದು ಹಳೆಯದು ಮಾತ್ರ. ಮುಂದೆ ಬರುವುದನ್ನು ಖಾತೆಗೆ ಜೋಡಿಸಬೇಡ ಅನ್ನುವ ಆಯ್ಕೆ ಬೇರೆಯೇ ಇದೆ. ಅದನ್ನು ನಾನು ನೋಡಿಯೇ ಇರಲಿಲ್ಲ. ಹಾಗೆ ಮಾಡಿದ ಮೇಲೂ ಮಾಹಿತಿ ಅವರಿಗೆ ಹೋಗಬಹುದು, ನಮ್ಮ ಖಾತೆಗೆ ಅಂಟಿಕೊಳ್ಳುವುದಿಲ್ಲ ಅಷ್ಟೇ.

ಫೋನಿನ ಕೆಲಸ ಸುಲಭ. ಆಂಡ್ರಾಯ್ಡ್‌ನಲ್ಲಿ ಪ್ರೈವೆಸಿ ಕೆಳಗೆ ಜಾಹೀರಾತು ಐಡಿ, ಅಂದರೆ ಜಾಹೀರಾತಿಗಾಗಿ ಫೋನಿಗೆ ಕೊಟ್ಟ ಗುರುತಿನ ಸಂಖ್ಯೆ, ಅಳಿಸಿದೆ. ಹೆಂಡತಿಯದು ಐಫೋನ್, 2021ರ ಏಪ್ರಿಲ್‌ನಲ್ಲಿ ಬಂದ 14.5 ಆವೃತ್ತಿಯಿಂದ ಅದರಲ್ಲಿ ಆ್ಯಪ್‌ಗಳು ಟ್ರ್ಯಾಕ್ ಮಾಡುವ ಮುಂಚೆ ಕೇಳಲೇಬೇಕು. ಟ್ರ್ಯಾಕಿಂಗೂ ಬೇಡ, ಕೇಳುವುದೂ ಬೇಡ ಅಂತ ಆಫ್ ಮಾಡಿದೆವು.

ನನಗೆ ಜಾಸ್ತಿ ಕಿರಿಕಿರಿಯಾಗಿದ್ದು ಬೇರೊಂದು. ಫೇಸ್‌ಬುಕ್‌ನಲ್ಲಿ ಒಂದು ಜಾಹೀರಾತಿನ ಮೂಲೆಯ ಮೂರು ಚುಕ್ಕಿ ಒತ್ತಿ, ಇದು ನನಗೇ ಯಾಕೆ ಅಂತ ನೋಡಿದೆ. ಜಾಹೀರಾತುದಾರರು ಕೊಟ್ಟ ಪಟ್ಟಿಯಲ್ಲಿ ನಾನಿದ್ದೇನಂತೆ. ಅಂದರೆ ಯಾವುದೋ ಅಂಗಡಿ, ಬಿಲ್ ಮಾಡಿಸುವಾಗ ನಾನೇ ಕೊಟ್ಟ ನಂಬರನ್ನು ಅಪ್‌ಲೋಡ್ ಮಾಡಿದೆ. ನಂಬರನ್ನು ಗುರುತು ಸಿಗದ ಹಾಗೆ ಕಲಸಿಯೇ ಕಳಿಸುತ್ತಾರೆ. ಆದರೆ ಆಚೆ ಕಡೆಯೂ ಅದೇ ಥರ ಕಲಸಿದ ನಂಬರ್ ಇರುತ್ತದಲ್ವಾ, ಎರಡೂ ತಾಳೆಯಾಗುತ್ತವೆ. ಪಿಕ್ಸೆಲನ್ನು ತಡೆದರೂ ಇದು ನಿಲ್ಲುವುದಿಲ್ಲ. ಈಗ ಖರೀದಿಗೆಂದೇ ಬೇರೆ ಇಮೇಲ್ ಇಟ್ಟಿದ್ದೇನೆ. ನಂಬರ್ ಕೇಳಿದರೆ, ಕೊಡದೆ ಆಗುತ್ತಾ ಅಂತ ಮೊದಲು ಕೇಳುತ್ತೇನೆ. ಎಷ್ಟೋ ಸಲ ಆಗುತ್ತದೆ.

ಜಾಹೀರಾತೇನೂ ಕಡಿಮೆಯಾಗಿಲ್ಲ. ಈಗ ಟ್ರ್ಯಾಕ್ಟರ್ ಟೈರಿನದು ಬರುತ್ತಿದೆ. ನನ್ನ ಹತ್ತಿರ ಸೈಕಲ್ಲೂ ಇಲ್ಲ.