ಒಲೆ ಎಣಿಸಿ ತಾಂಡಾವನ್ನು ಕಂದಾಯ ಗ್ರಾಮ ಮಾಡಿಸಿದ ನನ್ನ ಅನುಭವ

ವಿಜಯಪುರ ಜಿಲ್ಲೆಯ ನಮ್ಮ ತಾಂಡಾಕ್ಕೆ, ಅಂದರೆ ಲಂಬಾಣಿಗರ ಜನವಸತಿಗೆ, 2011ರ ಜನಗಣತಿಯಲ್ಲಿ ಪ್ರತ್ಯೇಕ ಸಂಖ್ಯೆಯೇ ಇರಲಿಲ್ಲ. ಗಣತಿಯ ಪಟ್ಟಿ ಕಂದಾಯ ಗ್ರಾಮವಾರು, ಅಂದರೆ ಕಂದಾಯ ದಾಖಲೆಯಲ್ಲಿ ಪ್ರತ್ಯೇಕ ಊರೆಂದು ಇರುವವುಗಳ ಪ್ರಕಾರ, ಆಗುವುದರಿಂದ ನಮ್ಮನ್ನೆಲ್ಲ ಮೂರು ಕಿಲೋಮೀಟರ್ ಆಚೆಯ ಮೂಲ ಗ್ರಾಮದ ಲೆಕ್ಕಕ್ಕೆ ಸೇರಿಸಿದ್ದರು. ಮನೆಗಳು ಹೊಲದ ಸರ್ವೆ ನಂಬರಿನಲ್ಲಿ ನಿಂತಿದ್ದರಿಂದ ಮನೆಯ ಆಸ್ತಿಗೆ ಪಂಚಾಯಿತಿ ಕೊಡುವ ನಮೂನೆ 9 ಸಿಗುತ್ತಿರಲಿಲ್ಲ, ಅದಿಲ್ಲದೆ ಸಾಲವೂ ಹುಟ್ಟುತ್ತಿರಲಿಲ್ಲ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನಮ್ಮಂಥ ತಾಂಡಾಗಳ ಸುಮಾರು 50,000 ಕುಟುಂಬಗಳಿಗೆ ಮನೆಯ ಹಕ್ಕುಪತ್ರ ಹಂಚಿದಾಗ ನಮ್ಮ ತಾಂಡಾ ಪಟ್ಟಿಯಲ್ಲಿರಲಿಲ್ಲ. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಕಂದಾಯ ಗ್ರಾಮ ಮಾಡಿ ಎಂದು ಕೇಳಲು ನಮ್ಮ ಜನರ ಲೆಕ್ಕ ಕೈಯಲ್ಲಿರಬೇಕಿತ್ತು. ಮೊದಲು ಪಡಿತರ ಚೀಟಿ ಹಿಡಿದು ಲೆಕ್ಕ ಹಾಕಿದೆ. ಇನ್ನೂರಹತ್ತರ ಆಸುಪಾಸು ಜನ ಎಂದು ಬಂತು. ಬೇರೆಯಾದ ಅಣ್ಣತಮ್ಮಂದಿರು ಇನ್ನೂ ಒಂದೇ ಚೀಟಿಯಲ್ಲಿದ್ದರು, ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ತವರಿನಲ್ಲೇ ಉಳಿದಿತ್ತು. ಮತದಾರರ ಪಟ್ಟಿಯಲ್ಲಿ ಮಕ್ಕಳಿಲ್ಲ. ಮುಂದೆ ಫೆಬ್ರುವರಿಯಲ್ಲಿ ಮನೆಮನೆಗೆ ಹೋದೆ, ಅರ್ಧ ತಾಂಡಾ ಕಬ್ಬಿನ ಕಟಾವಿಗೆ ಗುಳೆ ಹೋಗಿ ಬಾಗಿಲಿಗೆ ಬೀಗ ಬಿದ್ದಿತ್ತು. ಆ ಪಟ್ಟಿಯನ್ನು ಕಚೇರಿಯಲ್ಲಿ ಓದದೆಯೇ ಮರಳಿಸಿದರು. "ನಿಮ್ಮಲ್ಲಿ ಇಷ್ಟು ಜನ ಎಲ್ಲಿದ್ದಾರೆ?" ಎಂದು ಕೇಳಿದ್ದು ಇಂದಿಗೂ ಕಿವಿಯಲ್ಲಿದೆ.

ಆಗ ದೀಪಾವಳಿಯವರೆಗೆ ಕಾದೆ. ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಎಂಬ ಹಬ್ಬದ ಹಾಡು ಹಾಡುವ ಆ ರಾತ್ರಿ ಪುಣೆಯಲ್ಲಿರುವವನೂ ಗೋವೆಯಲ್ಲಿರುವವನೂ ತಾಂಡಾದಲ್ಲಿರುತ್ತಾನೆ. ಮರುದಿನ ಬೆಳಿಗ್ಗೆ ತಾಂಡಾದ ಮುಖಂಡ ನಾಯಕ್ ಮತ್ತು ಅವರ ಸಹಾಯಕ ಕಾರಭಾರಿಯವರನ್ನು ಜೊತೆಗೆ ಕರೆದುಕೊಂಡು, ಸೂರನ್ನು ಬಿಟ್ಟು ಒಲೆಯನ್ನು ಎಣಿಸಿದೆ. ಒಂದೇ ಅಡುಗೆ ಉಣ್ಣುವವರು ಒಂದು ಕುಟುಂಬ ಎಂಬುದು ಗಣತಿಯದೇ ನಿಯಮ. ಒಂದು ಮನೆಯ ಹಿತ್ತಲಿನಲ್ಲಿ ತಗಡಿನ ಮರೆಗೆ ಎರಡನೆಯ ಒಲೆ ಇನ್ನೂ ಬಿಸಿಯಾಗಿತ್ತು, ಪಕ್ಕದಲ್ಲಿ ಬೇರೆ ಹಿಟ್ಟಿನ ಡಬ್ಬಿ ಇತ್ತು. ಅಂಥವೇ ಹದಿನಾರೋ ಹದಿನೇಳೋ ಸಿಕ್ಕವು. ಒಟ್ಟು ಅರವತ್ತರ ಮೇಲೆ ಒಲೆಗಳು, ಮುನ್ನೂರಮೂವತ್ತರ ಹತ್ತಿರ ಜನ.

ನಡುವೆ ಅಂಗನವಾಡಿಯ ದಾಖಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಒಟ್ಟು ಜನಸಂಖ್ಯೆ ಹಿಡಿಯಲು ನೋಡಿದೆ. ಆರು ವರ್ಷದೊಳಗಿನ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಸರಿಹೋಯಿತು, ಉಳಿದದ್ದು ಹೊಂದಲಿಲ್ಲ.

ಜೆರಾಕ್ಸ್, ಪಹಣಿ, ನಕ್ಷೆಯ ನಕಲು, ಬಸ್ಸಿನ ಖರ್ಚು ಸೇರಿ ಹನ್ನೊಂದು ಸಾವಿರ ರೂಪಾಯಿ ಹೋಯಿತು. ಒಲೆಗೆ ನೂರರಂತೆ ಮಾತ್ರ ವಂತಿಗೆ ಎತ್ತಿದ್ದರಿಂದ ಸುಮಾರು ಐದು ಸಾವಿರ ನನ್ನ ಕೈಯಿಂದ ಬಿತ್ತು. ಖಾಸಗಿ ಜಮೀನಿನ ಮನೆಗಳಿಗೆ ಭೂಸುಧಾರಣಾ ಕಾಯ್ದೆಯ 38-ಎ ಕಲಂ, ಸರ್ಕಾರಿ ಜಮೀನಿನವಕ್ಕೆ ಭೂಕಂದಾಯ ಕಾಯ್ದೆಯ 94-ಡಿ ಕಲಂ ಎಂದು ಪಟ್ಟಿಯನ್ನು ನಾನೇ ಎರಡಾಗಿ ಮಾಡಿಕೊಟ್ಟೆ, ಸರ್ವೆಯವರು ಅದನ್ನೇ ಹಿಡಿದು ಅಳೆದರು. ನನ್ನ ಎಣಿಕೆಗೂ ಅವರ ಎಣಿಕೆಗೂ ನಾಲ್ಕೇ ಜನರ ವ್ಯತ್ಯಾಸ ಬಂತು.

ಅಂತಿಮ ಅಧಿಸೂಚನೆಯಲ್ಲಿ ತಾಂಡಾದ ಹೆಸರು ಬಂದಿದೆ. ಹಳ್ಳದ ದಂಡೆಯ ಹತ್ತು ಮನೆಗಳ ಅಳತೆಗೆ ತಕರಾರು ಬಿದ್ದಿದ್ದು, ಆ ಕಾಗದಪತ್ರ ಹಿಡಿದು ಬರುವ ವಾರ ಮತ್ತೆ ತಾಲ್ಲೂಕಿಗೆ ಹೋಗಬೇಕಾಗಿದೆ.