ಪ್ರಶ್ನೆ ಚಿಹ್ನೆ ತೆಗೆದು ಓದಿ ನೋಡಿ

ಟಿವಿ ಸುದ್ದಿಯ ಅಬ್ಬರವೆಲ್ಲ ಆ್ಯಂಕರ್ ಬಾಯಿಂದಲೇ ಬರುತ್ತದೆ ಅಂತ ನೋಡುವವರಿಗೆ ಅನ್ನಿಸಬಹುದು. ಅದರಲ್ಲಿ ಮುಕ್ಕಾಲು ಪಾಲು ತಯಾರಾಗುವುದು ಡೆಸ್ಕ್‌ನಲ್ಲಿ. ನಾನು ಕೆಲಸ ಮಾಡಿದ್ದು ಕನ್ನಡ ಸುದ್ದಿ ವಾಹಿನಿಯೊಂದರ ಔಟ್‌ಪುಟ್ ಡೆಸ್ಕ್‌ನಲ್ಲಿ. ಬುಲೆಟಿನ್ ಕಟ್ಟುವುದು, ಹೆಡ್‌ಲೈನ್ ಬರೆಯುವುದು, ಸ್ಕ್ರೋಲ್ ಓಡಿಸುವುದು ನನ್ನ ಪಾಲಿನ ಕೆಲಸ. ವರದಿಗಾರ ಫೋನ್‌ನಲ್ಲಿ ಹೇಳಿದ್ದು "ಪೊಲೀಸರು ವಿಚಾರಣೆಗೆ ಕರೆದಿದ್ದಾರೆ" ಅಂತ ಮಾತ್ರ. ಅದು ಪರದೆಗೆ ಬರುವಷ್ಟರಲ್ಲಿ "ಖಾಕಿ ಬಲೆಗೆ ಬಿದ್ದನಾ ಕಿರಾತಕ?" ಆಗಿರುತ್ತದೆ. ನಡುವೆ ಹೊಸ ಮಾಹಿತಿ ಏನೂ ಬಂದಿರುವುದಿಲ್ಲ.

ಆ ಪ್ರಶ್ನೆ ಚಿಹ್ನೆ ಇದೆಯಲ್ಲ, ಅದೇ ಡೆಸ್ಕ್‌ನ ಗುರಾಣಿ. ನಾಳೆ ಸುಳ್ಳಾದರೆ "ನಾವು ಕೇಳಿದ್ದಷ್ಟೇ" ಅನ್ನಬಹುದು. ಹಾಗಾಗಿ ನನ್ನ ಬುಲೆಟಿನ್‌ಗೆ ಒಂದು ಪದ್ಧತಿ ಮಾಡಿಕೊಂಡೆ. ಚಿಹ್ನೆ ತೆಗೆದು ಆ ಸಾಲನ್ನು ಜೋರಾಗಿ ಓದುವುದು. ಹಾಗೆ ಹೇಳಲು ಆಧಾರ ಇದ್ದರೆ ಚಿಹ್ನೆ ಬೇಕಿಲ್ಲ, ಇಲ್ಲದಿದ್ದರೆ ಸಾಲೇ ಬೇಡ. "ಎನ್ನಲಾಗಿದೆ" ಅಂತ ಬಂದರೆ ಯಾರು ಅಂದಿದ್ದು ಅಂತ ವರದಿಗಾರನನ್ನೇ ಕೇಳುತ್ತಿದ್ದೆ. ಉತ್ತರ ಬಹಳ ಸಲ ಒಂದೇ: "ಸರ್, ಬೇರೆ ಚಾನೆಲ್‌ನಲ್ಲಿ ಆಗ್ಲೇ ಓಡ್ತಿದೆ."

ದೃಶ್ಯದ ಕಥೆಯೂ ಇಷ್ಟೇ. ಕೆಲವೇ ಸೆಕೆಂಡಿನ ಸಿಸಿಟಿವಿ ತುಣುಕಿಗೆ ಕೆಂಪು ವೃತ್ತ ಹಾಕಿ, ನಿಧಾನ ಮಾಡಿ, ಹಿಂದೆ ಢಂ ಢಂ ಸಂಗೀತ ಕೊಟ್ಟು ಅರ್ಧ ಗಂಟೆ ಸುತ್ತಿಸಬಹುದು. ನಾನು ಮೊದಲು ಸಂಗೀತ ತೆಗೆಸಿ ನೋಡುತ್ತಿದ್ದೆ. ಆಮೇಲೆ ಎಡಿಟರ್ ತಾನೇ "ಇದರಲ್ಲಿ ಏನೂ ಇಲ್ವಲ್ಲ ಸರ್" ಅನ್ನುತ್ತಿದ್ದ.

ಇದಕ್ಕೆಲ್ಲ ಟಿಆರ್‌ಪಿ ಕಾರಣ ಅನ್ನುವುದು ಅರ್ಧ ಸತ್ಯ. ಸುದ್ದಿ ವಾಹಿನಿಗಳ ರೇಟಿಂಗ್ ಅನ್ನು, ಟಿವಿ ವೀಕ್ಷಣೆ ಅಳೆಯುವ ಸಂಸ್ಥೆ ಬಾರ್ಕ್ 2020ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತ್ತು, ಮತ್ತೆ ಕೊಟ್ಟಿದ್ದು 2022ರ ಮಾರ್ಚ್‌ನಲ್ಲಿ. ಆ ಅವಧಿಯಲ್ಲಿ ಕಿರುಚಾಟ ಕಡಿಮೆ ಆಯ್ತಾ? ನನಗಂತೂ ಕಾಣಲಿಲ್ಲ. 24 ಗಂಟೆ ತುಂಬಿಸಬೇಕು, ಹೊರಗೆ ತಿರುಗುವ ವರದಿಗಾರರು ಕಡಿಮೆ. ನಾಲ್ಕು ಜನರನ್ನು ಕೂರಿಸಿ ಜಗಳ ಹಚ್ಚುವುದಕ್ಕೆ ಖರ್ಚೂ ಕಡಿಮೆ. ನನ್ನ ಪ್ರಕಾರ ರೋಗದ ಬೇರು ಇಲ್ಲೇ ಇದೆ.

ಡೆಸ್ಕ್‌ನಲ್ಲಿ ನೀತಿಪಾಠ ಹೇಳಿದರೆ ಯಾರೂ ಕೇಳುವುದಿಲ್ಲ. ಕಾನೂನು ಹೇಳಿದರೆ ಕೇಳುತ್ತಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿ ಬಂದರೆ ಮುಖ ಬ್ಲರ್ ಮಾಡಿ ಕೈ ತೊಳೆದುಕೊಳ್ಳುವುದು ರೂಢಿ. ಆದರೆ ಮನೆ ಗೇಟು, ಶಾಲೆಯ ಬೋರ್ಡು, ಕ್ಯಾಮೆರಾ ಮುಂದೆ ಅಪ್ಪ ಆಡಿದ ಮಾತು (ಬೈಟ್) ಎಲ್ಲ ಹಾಕಿದರೆ ಮಗು ಯಾರು ಅಂತ ಇಡೀ ಬೀದಿಗೆ ಗೊತ್ತಾಗುತ್ತದೆ, ಅಲ್ವಾ? ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಹೆಸರು, ಫೋಟೋ ಮಾತ್ರವಲ್ಲ, ವಿಳಾಸ, ಕುಟುಂಬ, ಶಾಲೆ, ನೆರೆಹೊರೆಯ ವಿವರವನ್ನೂ ಬಿಟ್ಟುಕೊಡಬಾರದು ಅನ್ನುತ್ತದೆ. ನೌಕರ ಮಾಡಿದ ತಪ್ಪಿಗೆ ಮಾಲೀಕನೂ ಹೊಣೆ ಅಂತ ಅದೇ ಸೆಕ್ಷನ್‌ನಲ್ಲಿದೆ. ಆತ್ಮಹತ್ಯೆ ಸುದ್ದಿಗೆ ಪ್ರೆಸ್ ಕೌನ್ಸಿಲ್‌ನ 2019ರ ಮಾರ್ಗಸೂಚಿ ತೋರಿಸುತ್ತಿದ್ದೆ: ವಿಧಾನ ವಿವರಿಸಬೇಡಿ, ವೈಭವೀಕರಿಸಬೇಡಿ. "ಅದು ಪೇಪರ್‌ನವರಿಗೆ" ಅನ್ನುತ್ತಿದ್ದರು. ವಿದ್ಯುನ್ಮಾನ ಮಾಧ್ಯಮಗಳೂ ಅದನ್ನು ಪಾಲಿಸಬೇಕು ಅಂತ 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಹೇಳಿದ ಮೇಲೆ ಆ ನೆಪವೂ ಹೋಯಿತು.

ಆದರೂ ಮೇಲಿನಿಂದ ಒತ್ತಡ ಬರುತ್ತಿತ್ತು. ಆಗ ವಾದ ಮಾಡುತ್ತಿರಲಿಲ್ಲ. ಹೆಡ್‌ಲೈನ್, ಅದರ ಆಧಾರ, ಅಡ್ಡ ಬರುವ ಸೆಕ್ಷನ್, ಈ ಮೂರನ್ನೂ ಮೇಲ್‌ನಲ್ಲಿ ಬರೆದು "ಓಕೆ ಅಂತ ಒಂದು ರಿಪ್ಲೈ ಹಾಕಿ ಸರ್, ಓಡಿಸ್ತೀನಿ" ಅನ್ನುತ್ತಿದ್ದೆ. ಬಾಯಲ್ಲಿ ಹೇಳುವಾಗ ಇರುವ ಧೈರ್ಯ ಬರವಣಿಗೆಯಲ್ಲಿ ಇರುವುದಿಲ್ಲ. ಬುಲೆಟಿನ್ ಶುರುವಾಗುವವರೆಗೂ ರಿಪ್ಲೈ ಬರುತ್ತಿರಲಿಲ್ಲ, ನಾನು ಸಾದಾ ಹೆಡ್‌ಲೈನ್ ಹಾಕಿ ಮುಂದಕ್ಕೆ ಹೋಗುತ್ತಿದ್ದೆ. ಕೆಲವೊಮ್ಮೆ "ಓಕೆ" ಬಂದಿದ್ದೂ ಉಂಟು. ಅಂಥ ದಿನ ಆ ಬುಲೆಟಿನ್ ಬೇರೆಯವರು ಮಾಡುತ್ತಿದ್ದರು.