ಹೊರದೇಶದಲ್ಲಿ ಇಂಗ್ಲಿಷ್ ಪಾಠ: ಹೊಸದಾಗಿ ಬಂದವರಿಗೆ ನಾಲ್ಕು ಮಾತು

ಇಂಗ್ಲಿಷ್ ಕಲಿಸುವ ಕೆಲಸಕ್ಕೆಂದು ಹೊಸದಾಗಿ ಬಂದ, ಬರಲು ಹೊರಟ ನಮ್ಮವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ನನ್ನ ಉಚ್ಚಾರಣೆ ಇಲ್ಲಿ ನಡೆಯುತ್ತಾ?" ನಡೆಯುತ್ತೆ. ಅದರ ಚಿಂತೆ ಆಮೇಲೆ. ಮೊದಲ ವಾರಗಳಲ್ಲಿ ನಿಮ್ಮನ್ನು ಕಾಡುವುದು ಬೇರೆಯದೇ. ಕ್ಲಾಸಿನಲ್ಲಿ ನೀವು ಮಾತಾಡುವುದು ಜಾಸ್ತಿ, ಕಲಿಯುವವರು ಮಾತಾಡುವುದು ಕಡಿಮೆ. ಹೊಸ ಶಿಕ್ಷಕರು ಎಡವುವುದು ಹೆಚ್ಚಾಗಿ ಇಲ್ಲೇ. ಆದರೆ ಕ್ಲಾಸಿಗೆ ಹೋಗುವ ಮುಂಚೆ ಕಾಗದಪತ್ರದ ವಿಷಯ ಮುಗಿಸಿಬಿಡೋಣ.

ಕೆಲವು ದೇಶಗಳು ಪಾಸ್‌ಪೋರ್ಟ್ ನೋಡಿಯೇ ಕೆಲಸ ಕೊಡುತ್ತವೆ. ದಕ್ಷಿಣ ಕೊರಿಯಾ ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾ ಮುಖ್ಯವಾಗಿ 7 ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಭಾರತೀಯರಿಗೆ ಒಂದು ಸಣ್ಣ ಕಿಂಡಿ ಇದೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದ ಅಡಿಯಲ್ಲಿ, ಪದವಿಯ ಜೊತೆಗೆ ಇಂಗ್ಲಿಷ್ ಕಲಿಸುವ ಅರ್ಹತೆಯೂ ಇದ್ದರೆ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಬಹುದು. ಜಪಾನಿನ ಶಾಲೆಗಳ ಲೆಕ್ಕ ಬೇರೆ. ಅಲ್ಲಿನ ಶಿಕ್ಷಕ ವೀಸಾಕ್ಕೆ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರಬೇಕು. ನಮ್ಮಲ್ಲಿ ಎಷ್ಟೋ ಜನ ಹಾಗೆ ಓದಿದವರೇ, ಆದರೆ ಅದನ್ನು ತೋರಿಸಲು ಕಾಗದ ಇಟ್ಟುಕೊಂಡವರು ಕಡಿಮೆ. ಓದಿದ ಪ್ರತಿ ಶಾಲೆ, ಕಾಲೇಜಿನಿಂದ ಮಾಧ್ಯಮದ ಪತ್ರ ಬರೆಸಿಕೊಂಡೇ ಹೊರಡಿ. ಕಡಲಾಚೆ ಕೂತು ಹೆಡ್‌ಮಾಸ್ಟರ ಸಹಿ ತರಿಸುವುದು ಸುಲಭದ ಮಾತಲ್ಲ.

ಡಿಗ್ರಿ ಸರ್ಟಿಫಿಕೇಟಿಗೆ ಅಪೊಸ್ಟಿಲ್ ಮುದ್ರೆಯನ್ನೂ (ಕಾಗದ ಅಸಲಿ ಎಂದು ಬೇರೆ ದೇಶಗಳೂ ಒಪ್ಪುವ ಸರ್ಕಾರಿ ಮುದ್ರೆ) ಊರಲ್ಲಿರುವಾಗಲೇ ಹಾಕಿಸಿ. ಈ ಮುದ್ರೆಯ ಅಂತರರಾಷ್ಟ್ರೀಯ ಒಪ್ಪಂದ ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ. ಅದಕ್ಕೆ ಸೇರದ ದೇಶಕ್ಕೆ ಹೋಗುವುದಾದರೆ ರಾಯಭಾರ ಕಚೇರಿಯ ದೃಢೀಕರಣ ಬೇಕು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಂತೂ ಹೆಚ್ಚುಕಡಿಮೆ ಎಲ್ಲ ಕಡೆ ಕೇಳುತ್ತಾರೆ, ಹಳೆಯದಾದರೆ ಒಪ್ಪುವುದಿಲ್ಲ. "ಸದ್ಯಕ್ಕೆ ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ನೋಡೋಣ" ಅನ್ನುವ ಏಜೆಂಟನ್ನು ಅಲ್ಲಿಗೇ ಬಿಡಿ. ಸಿಕ್ಕಿಬಿದ್ದರೆ ದೇಶ ಬಿಡಬೇಕಾದವರು ನೀವು, ಅವನಲ್ಲ. ವೀಸಾ ಕೆಲಸಕ್ಕೆ ಪಾಸ್‌ಪೋರ್ಟ್ ಕೊಡಬೇಕಾಗಿ ಬಂದರೂ ಅದನ್ನು ಶಾಲೆಯ ಬೀರುವಿನಲ್ಲಿ ಬಿಟ್ಟು ಬರಬೇಡಿ.

ಕಾಂಟ್ರಾಕ್ಟಿನಲ್ಲಿ ಸಂಬಳದ ಸಾಲಿಗಿಂತ ಗಂಟೆಗಳ ಸಾಲನ್ನು ಎರಡು ಸಲ ಓದಿ. ವಾರಕ್ಕೆ 25 ಗಂಟೆ ಎಂದರೆ ಪಾಠದ ಗಂಟೆಯೋ, ಶಾಲೆಯಲ್ಲಿರಬೇಕಾದ ಗಂಟೆಯೋ? ಬೆಳಿಗ್ಗೆ ಎರಡು ಕ್ಲಾಸ್, ರಾತ್ರಿ ಎರಡು ಕ್ಲಾಸ್ ಇಟ್ಟು ನಡುವಿನ ಹೊತ್ತನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಜಾಗಗಳಿವೆ. ಮಕ್ಕಳಿಗೆ ರಜೆ ಇದ್ದರೂ ನೀವು ಬಂದು ಖಾಲಿ ಸ್ಟಾಫ್ ರೂಮಿನಲ್ಲಿ ಕೂರಬೇಕಾಗಬಹುದು. ಇದಕ್ಕೆ ಕೊರಿಯಾದಲ್ಲಿ 'ಡೆಸ್ಕ್ ವಾರ್ಮಿಂಗ್' ಎಂಬ ಹೆಸರೇ ಇದೆ. ಮೊದಲ ಸಂಬಳ ಕೈಗೆ ಬರುವುದು ತಿಂಗಳು ದುಡಿದ ಮೇಲೆ, ಕೆಲವು ಕಡೆ ಇನ್ನೂ ತಡ. ಅಲ್ಲಿಯವರೆಗಿನ ಖರ್ಚಿಗೆ, ಮನೆಯ ಅಡ್ವಾನ್ಸಿಗೆ ದುಡ್ಡು ಜೊತೆಗಿರಲಿ.

ಇನ್ನು ಕ್ಲಾಸು. ಎದುರಿಗೆ ಕೂತವರು ಸುಮ್ಮನಿದ್ದಾರೆ. ನೀವು ಪ್ರಶ್ನೆ ಕೇಳುತ್ತೀರಿ, ಉತ್ತರ ಇಲ್ಲ. ಗಾಬರಿಯಿಂದ ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುತ್ತೀರಿ. ಆಗ ಅವರು ಎರಡು ಪ್ರಶ್ನೆ ಅರ್ಥ ಮಾಡಿಕೊಳ್ಳಬೇಕು. ಕೊನೆಗೆ ಉತ್ತರವನ್ನೂ ನೀವೇ ಹೇಳುತ್ತೀರಿ. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ಕ್ಲಾಸುಗಳನ್ನು ಗಮನಿಸಿ ಕಂಡುಕೊಂಡದ್ದು ಇದು: ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಹೆಚ್ಚುಕಡಿಮೆ 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ. ಅಲ್ಲಿ ಮಕ್ಕಳು ಉತ್ತರಿಸುತ್ತಿದ್ದುದು ತಮ್ಮದೇ ಭಾಷೆಯಲ್ಲಿ. ನಿಮ್ಮ ಎದುರಿಗಿರುವವರು ಕಲಿಯುತ್ತಿರುವ ಭಾಷೆಯಲ್ಲಿ ಹೇಳಬೇಕು, ಅವರಿಗೆ ಇನ್ನೂ ಸಮಯ ಬೇಕಲ್ವಾ? ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮೊದಮೊದಲು ಆ ಮೌನ ತಡೆಯಲಾಗುವುದಿಲ್ಲ. ತಡೆದುಕೊಳ್ಳಿ.

ಸೂಚನೆಗಳನ್ನು ಚಿಕ್ಕದು ಮಾಡಿ. "ಓಕೆ, ನೌ ವಾಟ್ ಐ ವುಡ್ ಲೈಕ್ ಯು ಟು ಡೂ ಈಸ್..." ಎಂದು ಶುರು ಮಾಡಿದರೆ ಕಲಿಯುವವರು ದಾರಿ ತಪ್ಪಿದರು ಎಂದೇ ಲೆಕ್ಕ. "ಓಪನ್ ಯುವರ್ ಬುಕ್ಸ್. ಪೇಜ್ ಟೆನ್. ರೀಡ್." ಸಾಕು. ಇದು ಒರಟಲ್ಲ, ನಗುನಗುತ್ತಾ ಹೇಳಬಹುದು. ಮುಖ್ಯ ಸೂಚನೆಗಳನ್ನು ಮನೆಯಲ್ಲೇ ಬರೆದುಕೊಂಡು ಹೋಗಿ, ಪ್ರತಿ ಸಲ ಅದೇ ಮಾತು ಬಳಸಿ. ಹಾಳೆ ಹಂಚುವುದು ಸೂಚನೆ ಕೊಟ್ಟ ಮೇಲೆ. ಕೈಗೆ ಹಾಳೆ ಬಂದರೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ.

"ಡು ಯು ಅಂಡರ್‌ಸ್ಟ್ಯಾಂಡ್?" ಎಂದು ಕೇಳುವುದನ್ನು ಇವತ್ತೇ ಬಿಡಿ. ಯಾವ ದೇಶದಲ್ಲಿ ಕೇಳಿದರೂ ಉತ್ತರ "ಯೆಸ್". ಅರ್ಥವಾಗಿದೆಯೋ ಇಲ್ಲವೋ ತಿಳಿಯಲು ಬೇರೆ ದಾರಿ ಇದೆ. "ಹೀ ಯೂಸ್ಡ್ ಟು ಸ್ಮೋಕ್" ಎಂಬ ವಾಕ್ಯ ಕಲಿಸಿದಿರಿ ಅನ್ನಿ. "ಅವನು ಈಗ ಸೇದುತ್ತಾನಾ? ಮುಂಚೆ ಒಂದೇ ಸಲ ಸೇದಿದ್ದಾ, ತುಂಬಾ ಸಲವಾ?" ಎಂದು ಸುಲಭದ ಇಂಗ್ಲಿಷಿನಲ್ಲಿ ಕೇಳಿ. ಈ ಎರಡು ಉತ್ತರದಲ್ಲಿ ಎಲ್ಲ ಗೊತ್ತಾಗುತ್ತದೆ. ಸೆಲ್ಟಾ (ಇಂಗ್ಲಿಷ್ ಕಲಿಸುವವರಿಗೆ ಕೇಂಬ್ರಿಡ್ಜ್ ಕೊಡುವ ಸರ್ಟಿಫಿಕೇಟ್) ತರಬೇತಿಯಲ್ಲಿ ಇಂಥದ್ದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ಅದು ಸುಮಾರು 120 ಗಂಟೆಯ ಕೋರ್ಸ್, ಅದರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಿ ತೋರಿಸಬೇಕು. ಆನ್‌ಲೈನಿನ ಅಗ್ಗದ ಕೋರ್ಸುಗಳೂ 120 ಗಂಟೆ ಎಂದೇ ಬರೆದುಕೊಳ್ಳುತ್ತವೆ, ಆದರೆ ಅವುಗಳಲ್ಲಿ ಎಷ್ಟೋ ಕೋರ್ಸುಗಳಲ್ಲಿ ಒಂದು ದಿನವೂ ಕ್ಲಾಸಿನಲ್ಲಿ ನಿಲ್ಲಿಸುವುದಿಲ್ಲ. ವೀಸಾಕ್ಕೆ ಸಾಕಾಗಬಹುದು, ಸೋಮವಾರದ ಕ್ಲಾಸಿಗೆ ಸಾಕಾಗುವುದಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಬಂಡವಾಳದ ವಿಷಯ. ಇಂಗ್ಲಿಷ್ ಮನೆಮಾತಾದ ಸಹೋದ್ಯೋಗಿಗೆ 'ಎ', 'ದಿ' ಎಲ್ಲಿ ಬರಬೇಕು ಎನ್ನುವುದು ತಾನಾಗಿ ಗೊತ್ತು, ಯಾಕೆ ಎಂದು ಕೇಳಿದರೆ ತಡವರಿಸುತ್ತಾನೆ. ಕನ್ನಡದಲ್ಲಿ ಆ ಎರಡೂ ಇಲ್ಲ. ಜಪಾನಿ, ಕೊರಿಯನ್, ಚೀನಿ, ಥಾಯ್ ಭಾಷೆಗಳಲ್ಲೂ ಇಲ್ಲ. ಅವನ್ನು ನೀವು ನಿಯಮ ನೋಡಿ, ತಪ್ಪು ಮಾಡಿ, ತಿದ್ದಿಸಿಕೊಂಡು ಕಲಿತವರು. ಜಪಾನಿ, ಕೊರಿಯನ್ ವಾಕ್ಯ ನಮ್ಮದರ ಹಾಗೆಯೇ ಕ್ರಿಯಾಪದದಲ್ಲಿ ಮುಗಿಯುತ್ತದೆ. 'ಮನೆಗೆ', 'ಮನೆಯಲ್ಲಿ' ಎನ್ನುವಂತೆ ಅವರೂ ಪದದ ಹಿಂದೆಯೇ ಅಂಟಿಸುತ್ತಾರೆ. ಹಾಗಾಗಿ ಅಲ್ಲಿನ ಹುಡುಗ 'ಟು', 'ಇನ್' ಎಲ್ಲಿಡಬೇಕೆಂದು ತಡಕಾಡುವುದು ನಿಮಗೆ ಹೊಸದಲ್ಲ. ಬಸ್ ಎನ್ನಲು ಜಪಾನಿಯರು 'ಬಸು' ಎಂದು ಕೊನೆಗೆ 'ಉ' ಸೇರಿಸುತ್ತಾರೆ. ನಾವು 'ಬಸ್ಸು' ಅನ್ನುತ್ತೇವೆ. ಈ ಅಭ್ಯಾಸ ಹೇಗೆ ಬಿಡಿಸಬೇಕೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಉಚ್ಚಾರಣೆಯ ಪ್ರಶ್ನೆಗೆ ಈಗ ಬರೋಣ. ಅಮೆರಿಕದ ರಾಗ ಎಳೆಯಲು ಹೋಗಬೇಡಿ, ಎರಡನೇ ದಿನವೇ ಬಣ್ಣ ಬಿಡುತ್ತದೆ. ಕೇಳುವವರಿಗೆ ಗೊಂದಲ ಮಾಡುವ ಕೆಲವನ್ನು ಮಾತ್ರ ಸರಿಮಾಡಿಕೊಳ್ಳಿ. 'ವೈನ್' ಎಂದರೆ ದ್ರಾಕ್ಷಾರಸವೋ ಬಳ್ಳಿಯೋ ತಿಳಿಯಬೇಕು: ದ್ರಾಕ್ಷಾರಸಕ್ಕೆ (wine) ತುಟಿ ದುಂಡಗೆ, ಬಳ್ಳಿಗೆ (vine) ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. 'ಎಗ್' ನಮ್ಮ ಬಾಯಲ್ಲಿ 'ಯೆಗ್' ಆಗುತ್ತದೆ, 'ಓನ್ಲಿ' 'ವೋನ್ಲಿ' ಆಗುತ್ತದೆ. ಎಲ್ಲಕ್ಕಿಂತ ಮುಖ್ಯ ಒತ್ತು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳುತ್ತೀರಿ ಎನ್ನುವುದು. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಕೆಡುವುದಿಲ್ಲ, ಇಂಗ್ಲಿಷಿನಲ್ಲಿ ಪದವೇ ಗುರುತು ಸಿಗದೆ ಹೋಗಬಹುದು. ಹೊಸ ಪದ ಕಲಿಸುವ ಮುಂಚೆ ಡಿಕ್ಷನರಿಯಲ್ಲಿ ಒತ್ತಿನ ಗುರುತು ನೋಡಿ. "ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್", "ಪ್ರಿಪೋನ್" ನಮ್ಮ ನಡುವೆ ಇರಲಿ, ಬೋರ್ಡಿನ ಮೇಲೆ ಬೇಡ. "ಐ ಪಾಸ್ಡ್ ಔಟ್ ಫ್ರಮ್ ಕಾಲೇಜ್" ಎಂದರೆ ಮೂರ್ಛೆ ಹೋದಿರಾ ಎಂದು ಕೇಳುವವರಿದ್ದಾರೆ.

ಯಾರೋ ಪೋಷಕರು "ನೀವು ನೇಟಿವ್ ಅಲ್ವಲ್ಲ" ಎಂದು ಮುಖ ಕಿರಿದು ಮಾಡಬಹುದು. ವಾದಕ್ಕೆ ಇಳಿಯಬೇಡಿ. ಮುಂದಿನ ಕ್ಲಾಸಿಗೆ ಬಂದು ಕೂರಲು ಕರೆಯಿರಿ.

ಮೊದಲ ತಿಂಗಳು ಮುಗಿಯುವ ಮೊದಲು ಹಳೆಯ ಶಿಕ್ಷಕರೊಬ್ಬರ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಕೇಳಿ. ಅವರು ಏನು ಹೇಳುತ್ತಾರೆ ಎನ್ನುವುದಕ್ಕಿಂತ ಯಾವಾಗ ಸುಮ್ಮನಾಗುತ್ತಾರೆ ಎಂದು ಗಮನಿಸಿ. ಆಮೇಲೆ ಶಾಲೆಯವರು ಒಪ್ಪಿದರೆ ನಿಮ್ಮ ಒಂದು ಕ್ಲಾಸನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಮನೆಯಲ್ಲಿ ಕೇಳುತ್ತಾ, ನಿಮ್ಮ ದನಿ ಎಷ್ಟು ನಿಮಿಷ, ಅವರದು ಎಷ್ಟು ನಿಮಿಷ ಎಂದು ಬರೆದುಕೊಳ್ಳಿ. ಅರ್ಧಕ್ಕಿಂತ ಜಾಸ್ತಿ ನಿಮ್ಮದೇ ಇದ್ದರೆ, ಮುಂದಿನ ವಾರದ ಪಾಠದಲ್ಲಿ ಒಂದು ವಿವರಣೆ ತೆಗೆದು ಆ ಜಾಗದಲ್ಲಿ ಜೋಡಿಯಾಗಿ ಮಾತಾಡುವ ಒಂದು ಕೆಲಸ ಹಾಕಿ.